ಪಿನ್ನಿ ಮನೆತನದ ಕೀರ್ದಿ-ಖತಾವಣಿ

ಇತಿಹಾಸದ ಆಕರಗಳಾವುವು ಎಂದು ತರಗತಿಯಲ್ಲಿ ಕೇಳಿದರೆ ನಮ್ಮ ವಿದ್ಯಾರ್ಥಿಗಳು ಶಿಲಾಶಾಸನ, ತಾಮ್ರಪಟ, ನಾಣ್ಯ, ಬಖೈರು, ಪ್ರವಾಸಿಗಳ ಬರಹ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಅಂಗಡಿಯ ಲೆಕ್ಕದ ಪುಸ್ತಕವೂ ಒಂದು ಆಕರವೆಂದು ಹೇಳುವ ಹುಡುಗ ಅಪರೂಪ. ತಪ್ಪು ಅವನದಲ್ಲ, ನಾವು ಅವನಿಗೆ ಹಾಗೆ ಹೇಳಿಕೊಟ್ಟಿಲ್ಲ. ರಾಜರ ದಾನ, ರಾಣಿಯರ ವ್ರತ, ಸೇನಾಪತಿಗಳ ಪರಾಕ್ರಮ ಇವುಗಳನ್ನು ಕಲ್ಲಿನಿಂದ ಓದಿ ತೆಗೆಯುವ ಶ್ರಮವನ್ನು ನಮ್ಮ ಹಿರಿಯರು ಪಟ್ಟರು, ನಾವೂ ಪಡುತ್ತಿದ್ದೇವೆ. ಆದರೆ ಹಮಾಲನಿಗೆ ಎಷ್ಟು ಕೂಲಿ ಸಂದಿತು, ಯಾರ ಹೊಲ ಯಾರ ಸಾಲಕ್ಕೆ ಹೋಯಿತು ಎಂಬುದನ್ನು ಕಲ್ಲು ಹೇಳುವುದು ಕಡಿಮೆ. ಅದನ್ನು ಹೇಳುವುದು ಕೀರ್ದಿ ಮತ್ತು ಖತಾವಣಿ.

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಪೇಟೆಯಲ್ಲಿ ಒಂದು ಹಳೆಯ ಅಡತಿ ಅಂಗಡಿಯ ಅಟ್ಟವನ್ನು ತೆರವು ಮಾಡುತ್ತಿದ್ದರು. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದುದ್ದ ವಹಿಗಳನ್ನು ತಕ್ಕಡಿಗೆ ಹಾಕಿ ರದ್ದಿಯವನಿಗೆ ತೂಗಿಕೊಡುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು. ಕೇಳಿಕೊಂಡದ್ದಕ್ಕೆ ಎರಡು ವಹಿಗಳು ಮಾತ್ರ ನಮ್ಮ ಕೈಗೆ ಬಂದವು. ಒಂದು ಮೋಡಿ ಲಿಪಿಯದು, ಇನ್ನೊಂದು ಕನ್ನಡದ್ದು. ಅವುಗಳಲ್ಲಿ ಗಾಡಿ ಹೊಡೆಯುವವರು, ಚೀಲ ಹೊಲಿಯುವವರು, ಕಾಳು ಹಸನು ಮಾಡುವ ಹೆಣ್ಣುಮಕ್ಕಳು ಇವರ ಹೆಸರುಗಳು ದಿನವಹಿ ಕೂಲಿಯ ಮುಂದೆ ಇದ್ದವು. ಊರಿನ ಬೇರೆ ಯಾವ ಬರಹದಲ್ಲಿಯೂ ಇಲ್ಲದ ಹೆಸರುಗಳು ಅವು. ತೂಕಕ್ಕೆ ಹೋದ ಉಳಿದ ವಹಿಗಳಲ್ಲಿ ಎಷ್ಟು ಹೆಸರುಗಳಿದ್ದವೋ!

ಇಂತಹ ಪುಸ್ತಕಗಳು ಹಾಳಾಗದೆ ಉಳಿದ ಕಡೆ ವಿದ್ವಾಂಸರು ಅವುಗಳಿಂದ ಏನನ್ನು ಹೊರತೆಗೆದಿದ್ದಾರೆ ಎಂಬ ಜಿಜ್ಞಾಸೆ ಅಂದಿನಿಂದ ನಮಗೆ ಹತ್ತಿತು. ಆ ಜಿಜ್ಞಾಸೆಯಲ್ಲಿ ಕಣ್ಣಿಗೆ ಬಿದ್ದ ಒಂದು ಮನೆತನದ ಕಥೆಯನ್ನು ಸಹೋದ್ಯೋಗಿ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಆ ಮನೆತನ ನಮ್ಮ ನಾಡಿನದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೂ ವೆಸ್ಟ್ ಇಂಡೀಸಿನ ನೆವಿಸ್ ಎಂಬ ಪುಟ್ಟ ದ್ವೀಪಕ್ಕೂ ನಡುವೆ ವ್ಯಾಪಾರ ಮಾಡಿದ ಪಿನ್ನಿ ಮನೆತನ. ಅವರ ಲೆಕ್ಕಪತ್ರಗಳೂ ಪತ್ರಗಳ ನಕಲುಗಳೂ ಇಂದು ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಸಂರಕ್ಷಿತವಾಗಿವೆ. ಅವುಗಳನ್ನು ಆಧರಿಸಿ ರಿಚರ್ಡ್ ಪೇರ್ಸ್ ಎಂಬ ಇತಿಹಾಸಕಾರರು 1950ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ದ್ವೀಪವೂ ಮನೆತನವೂ

ನೆವಿಸ್ ದ್ವೀಪದ ವಿಸ್ತಾರ ಕೇವಲ 36 ಚದರ ಮೈಲಿ; ನಮ್ಮ ಒಂದು ಹೋಬಳಿಯಷ್ಟು. ನಡುವೆ ಮೂರು ಸಾವಿರ ಅಡಿಗೂ ಮಿಗಿಲಾದ ಒಂದು ಜ್ವಾಲಾಮುಖಿ ಪರ್ವತ; ಸುತ್ತಲೂ ಸಮುದ್ರಕ್ಕೆ ಇಳಿಯುವ ಇಳಿಜಾರು. ಇಂಗ್ಲಿಷರು ಇಲ್ಲಿ 1628ರಲ್ಲಿ ನೆಲೆಸಿದರು. ಕಬ್ಬು ಬಂದ ಮೇಲೆ ಇಳಿಜಾರೆಲ್ಲ ಕಬ್ಬಿನ ತೋಟವಾಯಿತು. ತೋಟದಲ್ಲಿ ದುಡಿಯಲು ಆಫ್ರಿಕದಿಂದ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಗುಲಾಮರನ್ನಾಗಿ ಮಾರಿದರು.

ಪಿನ್ನಿಯವರು ಈ ದ್ವೀಪಕ್ಕೆ ಬಂದ ಬಗೆ ವಿಚಿತ್ರವಾದುದು. 1685ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜೇಮ್ಸನ ಮೇಲೆ ಮಾನ್ಮತ್ ಡ್ಯೂಕನು ದಂಗೆಯೆದ್ದನು. ಡಾರ್ಸೆಟ್ ಪ್ರಾಂತದ ಒಬ್ಬ ಪಾದ್ರಿಯ ಮಗ ಅಜರಾಯ ಪಿನ್ನಿ ಎಂಬ ತರುಣ ಅದರಲ್ಲಿ ಸೇರಿಕೊಂಡು ಸಿಕ್ಕಿಬಿದ್ದ. ಕ್ರೌರ್ಯಕ್ಕೆ ಹೆಸರಾದ ನ್ಯಾಯಾಧೀಶ ಜೆಫ್ರಿಸ್ ನಡೆಸಿದ ವಿಚಾರಣೆಗಳಲ್ಲಿ ಅವನಿಗೆ ಮರಣದಂಡನೆಯಾಯಿತು. ಮನೆಯವರು ಹಣ ತೆತ್ತು ಆ ಶಿಕ್ಷೆಯನ್ನು ಗಡೀಪಾರಿಗೆ ಇಳಿಸಿಕೊಂಡರು. ಹೀಗೆ ಅವನು ನೆವಿಸ್ ಸೇರಿದಾಗ ಮನೆಯವರು ಜೊತೆಗೆ ಕೊಟ್ಟಿದ್ದು 15 ಪೌಂಡು ಹಣ, ಒಂದು ಬೈಬಲ್ಲು ಮತ್ತು ಕೆಲವು ಗ್ಯಾಲನ್ ಮದ್ಯ. ಈ ವಿವರ ನಮಗೆ ಗೊತ್ತಾಗಿರುವುದೂ ಮನೆಯ ಲೆಕ್ಕಪತ್ರಗಳಿಂದಲೇ.

ಗಡೀಪಾರಾದ ಕೈದಿ ದ್ವೀಪದಲ್ಲಿ ವ್ಯಾಪಾರಿಯಾದ. ಅವನ ತಂದೆಯ ಮನೆಯವರು ಕಸೂತಿ ಜಾಲರಿಯ ವ್ಯಾಪಾರ ಬಲ್ಲವರು. ಆ ಸರಕನ್ನು ತರಿಸಿ ಮಾರಿದ, ಇತರರ ಪರವಾಗಿ ವಸೂಲಿ ಮಾಡಿದ. ಮಗನಿಗೆ ತೋಟವುಳ್ಳ ಮನೆಯಿಂದ ಹೆಣ್ಣು ತಂದುಕೊಂಡದ್ದರಿಂದ ಭೂಮಿಯೂ ಕೈಸೇರಿತು. ಆ ಆಸ್ತಿ ಮುಂದೆ ಮೌಂಟ್ರಾವರ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಜರಾಯನ ಮೊಮ್ಮಗನಾದ ಜಾನ್ ಫ್ರೆಡರಿಕ್ ಪಿನ್ನಿ 1762ರಲ್ಲಿ ಸಂತಾನವಿಲ್ಲದೆ ತೀರಿಕೊಂಡನು. ಆಸ್ತಿ ಬಂದದ್ದು ದೂರದ ದಾಯಾದಿಯಾದ ಜಾನ್ ಪ್ರೆಟರನಿಗೆ. ಆಸ್ತಿಯೊಡನೆ ಮನೆತನದ ಹೆಸರನ್ನೂ ಧರಿಸಿ ಅವನು ಜಾನ್ ಪ್ರೆಟರ್ ಪಿನ್ನಿ ಎನಿಸಿಕೊಂಡನು. 1740ರಲ್ಲಿ ಹುಟ್ಟಿ 1818ರಲ್ಲಿ ಮಡಿದ ಈತನೇ ನಮ್ಮ ಲೇಖನದ ಮುಖ್ಯ ವ್ಯಕ್ತಿ.

ಒಡೆಯನ ಆಗಮನ

ಇಪ್ಪತ್ತನಾಲ್ಕರ ತರುಣ ಪಿನ್ನಿ 1764ರ ಕೊನೆಯ ವೇಳೆಗೆ ನೆವಿಸಿಗೆ ಹಡಗು ಹತ್ತಿದ. ಒಡೆಯರು ದೂರದಲ್ಲಿದ್ದ ತೋಟದಲ್ಲಿ ಏನಾಗಬೇಕೋ ಅದೆಲ್ಲ ಆಗಿತ್ತು. ಗಾಣಗಳು ಶಿಥಿಲ, ಭೂಮಿ ನಿಸ್ಸತ್ವ, ಆಸ್ತಿಯ ಮೇಲೆ ಸಾಲದ ಹೊರೆ. ನಮ್ಮ ಕಡೆ ಊರು ಬಿಟ್ಟ ಇನಾಂದಾರರ ಹೊಲಗಳ ಸ್ಥಿತಿಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಿನ್ನಿ ಮೊದಲು ಮಾಡಿದ ಕೆಲಸ ಲೆಕ್ಕವನ್ನು ಹದಕ್ಕೆ ತಂದುದು. ಎರಡನೆಯದು ಆಳುಗಳನ್ನು ಕೊಂಡುದು. 1765ರಲ್ಲಿ ಬರೆದ ಒಂದು ಪತ್ರದಲ್ಲಿ, ಮನುಷ್ಯರನ್ನು ಮಾರಾಟಕ್ಕೆ ನಿಲ್ಲಿಸಿದ್ದನ್ನು ಮೊದಲ ಸಲ ಕಂಡಾಗ ತನಗೆ ಆಘಾತವಾಯಿತೆಂದು ಅವನು ಒಪ್ಪಿಕೊಳ್ಳುತ್ತಾನೆ. ಆದರೆ ಮುಂದಿನ ಮಾತಿನಲ್ಲಿಯೇ, ದೇವರು ಇವರನ್ನು ನಮ್ಮ ಉಪಯೋಗಕ್ಕಾಗಿಯೇ ನಿಯಮಿಸಿರಬೇಕು ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಮನಸ್ಸು ಒಂದು ಕ್ಷಣ ತಡವರಿಸಿತು, ಲಾಭ ಅದನ್ನು ಕೈಹಿಡಿದು ಮುಂದಕ್ಕೆ ನಡೆಸಿತು. ಅವನು ಕ್ರೂರಿಯೆಂದು ಪ್ರಸಿದ್ಧನಾದವನಲ್ಲ. ಸಂಸಾರವಂದಿಗ, ಮಿತವ್ಯಯಿ, ಮಾತಿಗೆ ತಪ್ಪದ ವ್ಯಾಪಾರಿ. 1772ರಲ್ಲಿ ದ್ವೀಪದ ಜೇನ್ ವೀಕ್ಸ್ ಎಂಬಾಕೆಯನ್ನು ಮದುವೆಯಾದ. ಇಂತಹ ‘ಸಭ್ಯ ಗೃಹಸ್ಥ’ನ ಕೈಯಿಂದಲೇ ಆ ಲೆಕ್ಕಗಳು ಬರೆಯಲ್ಪಟ್ಟವು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ತೋಟದ ಆಡಳಿತ

ನಮ್ಮಲ್ಲಿ ಆಲೆಮನೆಯನ್ನು ಕಂಡಿರುವವರಿಗೆ ಸಕ್ಕರೆ ತೋಟದ ಕೆಲಸದ ರೀತಿ ಬೇಗ ಅರ್ಥವಾಗುತ್ತದೆ. ಕಬ್ಬು ಕಡಿದ ಮೇಲೆ ತಡಮಾಡುವಂತಿಲ್ಲ, ರಸ ಹುಳಿಯಾಗುತ್ತದೆ. ಆದುದರಿಂದ ಗದ್ದೆಯ ಪಕ್ಕದಲ್ಲಿಯೇ ಗಾಣವಿರಬೇಕು. ನಮ್ಮ ಗಾಣಕ್ಕೆ ಎತ್ತು. ನೆವಿಸಿನಲ್ಲಿ ಗಾಳಿಗಿರಣಿ ಮತ್ತು ಜಾನುವಾರು. ನಮ್ಮಲ್ಲಿ ಒಂದು ಕೊಪ್ಪರಿಗೆ. ಅಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟ ಹಲವು ತಾಮ್ರದ ಕೊಪ್ಪರಿಗೆಗಳು. ಒಂದರಿಂದ ಮತ್ತೊಂದಕ್ಕೆ ರಸವನ್ನು ತೋಡುತ್ತ ಕಾಯಿಸಿ, ಹದ ಬಂದಾಗ ಇಳಿಸಿ, ಪೀಪಾಯಿಗಳಿಗೆ ತುಂಬಿ, ಕಾಕಂಬಿ ಬಸಿದುಹೋಗುವಂತೆ ಇಡುತ್ತಿದ್ದರು. ಉಳಿದದ್ದು ಕಂದು ಬಣ್ಣದ ಕಚ್ಚಾ ಸಕ್ಕರೆ. ಬಸಿದ ಕಾಕಂಬಿಯಿಂದ ರಮ್ ಎಂಬ ಮದ್ಯ.

ವ್ಯತ್ಯಾಸವಿರುವುದು ದುಡಿಮೆಯಲ್ಲಿ. ತೋಟಗಳಲ್ಲಿ ಗುಲಾಮರನ್ನು ತಂಡಗಳಾಗಿ ವಿಂಗಡಿಸುತ್ತಿದ್ದರು. ಗಟ್ಟಿಮುಟ್ಟಾದ ಗಂಡಸರೂ ಹೆಂಗಸರೂ ಮೊದಲ ತಂಡದಲ್ಲಿ. ಬಿಸಿಲಿನಲ್ಲಿ ಗುದ್ದಲಿಯಿಂದ ಕಬ್ಬಿನ ಗುಂಡಿ ತೋಡುವುದು, ಗೊಬ್ಬರದ ಬುಟ್ಟಿ ಹೊರುವುದು, ಕಡಿಯುವುದು ಇವರ ಪಾಲು. ಎಳೆಯರೂ ನಿಶ್ಶಕ್ತರೂ ಎರಡನೆಯದರಲ್ಲಿ. ಮಕ್ಕಳದೇ ಒಂದು ತಂಡ. ಅವರು ಕಳೆ ಕೀಳಬೇಕು, ದನಗಳಿಗೆ ಹುಲ್ಲು ತರಬೇಕು. ಸುಗ್ಗಿಯ ಕಾಲದಲ್ಲಿ ಕೊಪ್ಪರಿಗೆಯ ಉರಿ ರಾತ್ರಿಯೂ ಆರುತ್ತಿರಲಿಲ್ಲ. ಬಡಗಿ, ಪೀಪಾಯಿ ಕಟ್ಟುವವನು, ಸಕ್ಕರೆ ಹದ ನೋಡುವವನು ಮುಂತಾದ ಕುಶಲಕರ್ಮಿಗಳೂ ಗುಲಾಮರೇ.

ದ್ವೀಪವೆಲ್ಲ ಕಬ್ಬಾದುದರಿಂದ ಹೊಟ್ಟೆಗೆ ಬೇಕಾದುದನ್ನು ಹೊರಗಿನಿಂದ ತರಬೇಕಾಗುತ್ತಿತ್ತು. ಉಪ್ಪು ಮೀನು, ಅವರೆ ಜಾತಿಯ ಕಾಳು, ಜೋಳದ ಹಿಟ್ಟು, ಒರಟು ಬಟ್ಟೆ, ಗುದ್ದಲಿ, ಪೀಪಾಯಿಯ ಹಲಗೆ, ಕಬ್ಬಿಣದ ಬಳೆ ಎಲ್ಲವೂ ಹಡಗಿನಲ್ಲಿಯೇ ಬರಬೇಕು. 1775ರಿಂದ 1783ರ ವರೆಗೆ ನಡೆದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಉತ್ತರ ಅಮೆರಿಕದ ಸರಬರಾಜು ಕಡಿದುಹೋದಾಗ ಈ ದ್ವೀಪಗಳಲ್ಲಿ ಗುಲಾಮರು ಹಸಿವಿನಿಂದ ಸತ್ತರು. ಒಡೆಯರ ಪುಸ್ತಕದಲ್ಲಿ ಅದು ಎರಡು ಕಡೆ ಕಾಣಿಸಿಕೊಳ್ಳುವ ಸಂಗತಿ: ಖರ್ಚಿನ ಕಡೆ ಧಾನ್ಯದ ಬೆಲೆ ಏರಿತು, ಆಳುಗಳ ಪಟ್ಟಿಯಲ್ಲಿ ಸಂಖ್ಯೆ ಇಳಿಯಿತು.

ಪುಸ್ತಕಗಳ ಕ್ರಮ

ಪಿನ್ನಿಯ ಲೆಕ್ಕದ ಕ್ರಮ ನಮ್ಮ ಪೇಟೆಯ ಕ್ರಮಕ್ಕೆ ತೀರ ದೂರವಾದುದಲ್ಲ. ದಿನದಿನದ ವ್ಯವಹಾರವನ್ನು ಬಂದಂತೆ ಬರೆಯುವ ದಿನಚರಿ ಪುಸ್ತಕ. ಅದು ನಮ್ಮ ಕೀರ್ದಿ. ಅದರಿಂದ ಒಬ್ಬೊಬ್ಬರ ಹೆಸರಿಗೆ ಬೇರೆ ಪುಟ ತೆರೆದು ಜಮಾ ಖರ್ಚನ್ನು ಎದುರೆದುರಾಗಿ ಎತ್ತಿಬರೆಯುವ ಪುಸ್ತಕ. ಅದು ನಮ್ಮ ಖತಾವಣಿ. ಇವುಗಳ ಜೊತೆಗೆ, ತಾನು ಬರೆದ ಪ್ರತಿಯೊಂದು ಪತ್ರವನ್ನೂ ನಕಲು ಮಾಡಿಡುವ ಪುಸ್ತಕ. ದ್ವೀಪದ ಹಣಕ್ಕೂ ಇಂಗ್ಲೆಂಡಿನ ಸ್ಟರ್ಲಿಂಗ್ ಪೌಂಡಿಗೂ ಬೆಲೆಯಲ್ಲಿ ಬಹಳ ಅಂತರವಿದ್ದುದರಿಂದ, ಯಾವ ಮೊತ್ತ ಯಾವ ಹಣದಲ್ಲಿದೆ ಎಂಬುದನ್ನು ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾಗುತ್ತಿತ್ತು. ಒಂದು ಪತ್ರ ಸಮುದ್ರ ದಾಟಲು ಒಂದೆರಡು ತಿಂಗಳು ಬೇಕಾಗುತ್ತಿದ್ದ ಆ ಕಾಲದಲ್ಲಿ, ನಕಲು ಪುಸ್ತಕವಿಲ್ಲದಿದ್ದರೆ ತಾನು ಏನು ಬರೆದಿದ್ದೆನೆಂಬುದೇ ಒಡೆಯನಿಗೆ ಮರೆಯುತ್ತಿತ್ತು.

ಇವೆಲ್ಲಕ್ಕಿಂತ ಮುಖ್ಯವಾದುದು ಆಳುಗಳ ಪಟ್ಟಿ. ಹೆಸರು, ವಯಸ್ಸು, ಕೆಲಸ, ಬೆಲೆ ಇವನ್ನು ತೋರಿಸುವ ಇಂತಹ ಪಟ್ಟಿಗಳನ್ನು ತೋಟಗಳಲ್ಲಿ ಕಾಲಕಾಲಕ್ಕೆ ತಯಾರಿಸುತ್ತಿದ್ದರು. ಮೌಂಟ್ರಾವರ್ಸಿನಲ್ಲಿ ಒಂದು ಕಾಲಕ್ಕೆ ಇನ್ನೂರರಷ್ಟು ಜನರಿದ್ದರು. ಹುಟ್ಟಿದ ಮಗು ‘ಹೆಚ್ಚಳ’, ಸತ್ತವರು ‘ಇಳಿತ’. ಅದೇ ಆಸ್ತಿಪಟ್ಟಿಯಲ್ಲಿ ಎತ್ತು, ಹೇಸರಗತ್ತೆ, ತಾಮ್ರದ ಕೊಪ್ಪರಿಗೆಗಳೂ ಇರುತ್ತಿದ್ದವು. ಹೆಸರುಗಳಾದರೂ ಅವರವೇ? ಬಹುಪಾಲು ಒಡೆಯರು ಇಟ್ಟವು. ಒಂದೇ ಹೆಸರಿನವರು ಇಬ್ಬರಿದ್ದರೆ ಮೈಬಣ್ಣವನ್ನು ಹೆಸರಿಗೆ ಜೋಡಿಸಿ ಗುರುತಿಸುತ್ತಿದ್ದರು. ತಾಯಿತಂದೆ ಕರೆದ ಹೆಸರು ಆ ಪುಸ್ತಕದೊಳಕ್ಕೆ ಬರಲಿಲ್ಲ.

ಗುಲಾಮಗಿರಿಯ ಲೆಕ್ಕಕ್ಕೂ ನಮ್ಮ ಪೇಟೆಯ ಲೆಕ್ಕಕ್ಕೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ನಮ್ಮ ವಹಿಯಲ್ಲಿ ಹಮಾಲನಿಗೆ ಕೂಲಿ ಎಷ್ಟೇ ಕಡಿಮೆಯಿರಲಿ, ಅವನ ಹೆಸರಿನ ಮುಂದೆ ಕೊಡಬೇಕಾದ ಮೊತ್ತವೊಂದಿದೆ. ಅಂದರೆ ಅವನು ಒಬ್ಬ ಲೇವಾದೇವಿದಾರ. ಪಿನ್ನಿಯ ಪಟ್ಟಿಯಲ್ಲಿನ ಹೆಸರಿನ ಮುಂದಿರುವುದು ಅವನಿಗೆ ಕೊಡಬೇಕಾದುದಲ್ಲ, ಅವನನ್ನು ಮಾರಿದರೆ ಬರಬಹುದಾದುದು.

ಬ್ರಿಸ್ಟಲ್ಲಿನ ಅಡತಿ ಅಂಗಡಿ

1783ರಲ್ಲಿ ಪಿನ್ನಿ ಸಂಸಾರಸಮೇತ ಇಂಗ್ಲೆಂಡಿಗೆ ಮರಳಿದ. ತೋಟವನ್ನು ವ್ಯವಸ್ಥಾಪಕರ ಕೈಗೆ ಒಪ್ಪಿಸಿ, ಜೇಮ್ಸ್ ಟೋಬಿನ್ ಎಂಬ ಇನ್ನೊಬ್ಬ ನೆವಿಸ್ ತೋಟಗಾರನೊಡನೆ ಪಾಲುದಾರನಾಗಿ ಬ್ರಿಸ್ಟಲ್ಲಿನಲ್ಲಿ ಅಂಗಡಿ ತೆರೆದ. ಇದನ್ನು ನಾವು ಅಡತಿ ಅಂಗಡಿ ಎಂದೇ ಕರೆಯಬಹುದು. ನಮ್ಮ ರೈತರು ಶೇಂಗಾ, ಜೋಳದ ಚೀಲಗಳನ್ನು ಅಡತಿಯವರಲ್ಲಿಗೆ ತಂದು ಹಾಕುವಂತೆ, ದ್ವೀಪದ ತೋಟಗಾರರು ಸಕ್ಕರೆ ಪೀಪಾಯಿಗಳನ್ನು ಇವರ ಹೆಸರಿಗೆ ಕಳುಹಿಸುತ್ತಿದ್ದರು. ಹಡಗಿನ ಬಾಡಿಗೆ, ಸುಂಕ, ವಿಮೆ, ಬಂದರಿನ ಕೂಲಿ, ಉಗ್ರಾಣದ ಬಾಡಿಗೆ ಇವನ್ನೆಲ್ಲ ತಾವು ತೆತ್ತು, ಸಕ್ಕರೆಯನ್ನು ಮಾರಿ, ಆ ಖರ್ಚುಗಳನ್ನೂ ನೂರಕ್ಕೆ ಎರಡೂವರೆಯಂತೆ ತಮ್ಮ ಅಡತಿಯನ್ನೂ ಕಳೆದು ಉಳಿದುದನ್ನು ತೋಟಗಾರನ ಖಾತೆಗೆ ಜಮಾ ಮಾಡುತ್ತಿದ್ದರು. ತೋಟಕ್ಕೆ ಬೇಕಾದ ಬಟ್ಟೆ, ಮೊಳೆ, ಮೀನುಗಳನ್ನು ಕೊಂಡು ಕಳುಹಿಸಿ, ಅದನ್ನು ಅವನ ಹೆಸರಿಗೆ ಖರ್ಚು ಹಾಕುತ್ತಿದ್ದರು.

ಸುಗ್ಗಿ ಕೈಕೊಟ್ಟ ವರ್ಷ ಖಾತೆ ಬಾಕಿಯಲ್ಲಿ ನಿಲ್ಲುತ್ತಿತ್ತು. ಬಾಕಿಗೆ ಬಡ್ಡಿ, ಬಡ್ಡಿಗೆ ಭದ್ರತೆಯಾಗಿ ತೋಟದ ಅಡವು. ಅಡವಿನ ಪತ್ರದಲ್ಲಿ ಭೂಮಿಯೊಡನೆ ಗುಲಾಮರೂ ಸೇರುತ್ತಿದ್ದರು. ಇಂಗ್ಲೆಂಡಿನ ಕಾನೂನಿನಂತೆ ಅಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿರಲಿಲ್ಲ. ದ್ವೀಪಗಳಲ್ಲಿ ಅದಕ್ಕಿಂತ ಹೆಚ್ಚಿಗೆ ಅವಕಾಶವಿತ್ತು. ಸಾಲ ಪಡೆದವನು ತನ್ನ ಸಕ್ಕರೆಯನ್ನು ಇದೇ ಅಂಗಡಿಗೆ ಕಳುಹಿಸಬೇಕೆಂಬ ಕಟ್ಟುಪಾಡು ಬೇರೆ. ಹೀಗೆ ಬಡ್ಡಿಯೂ ಅಡತಿಯೂ ಒಂದೇ ಕೈಗೆ ಬರುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಬೀಜಕ್ಕೆಂದು ಸಾಲ ತಂದ ರೈತ ರಾಶಿಯನ್ನು ಸಾಲಗಾರನ ಅಂಗಡಿಗೇ ಒಯ್ಯಬೇಕಾಗಿ ಬರುವುದನ್ನು ಬಲ್ಲವರಿಗೆ ಈ ಸೂತ್ರ ಹೊಸದಲ್ಲ.

ಪೇರ್ಸ್ ಅವರ ಅಧ್ಯಯನದ ಒಂದು ಮುಖ್ಯ ತಾತ್ಪರ್ಯ ಇದು: ಪಿನ್ನಿಯ ಸಂಪತ್ತನ್ನು ಬೆಳೆಸಿದುದು ಕಬ್ಬಿನ ಗದ್ದೆಯೊಂದೇ ಅಲ್ಲ, ಈ ಅಡತಿ ಹಾಗೂ ಸಾಲದ ವ್ಯವಹಾರವೂ ಹೌದು. ತೋಟಗಾರರು ಎಷ್ಟೋ ಜನ ಸಾಲದಲ್ಲಿ ಮುಳುಗಿದರು. ಲೆಕ್ಕ ಇಟ್ಟವನು ತೇಲಿದ. 1790ರ ಸುಮಾರಿಗೆ ಅವನು ಬ್ರಿಸ್ಟಲ್ಲಿನ ಗ್ರೇಟ್ ಜಾರ್ಜ್ ಬೀದಿಯಲ್ಲಿ ಕಟ್ಟಿಸಿದ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ.

ಕವಿ ತಂಗಿದ ಮನೆ

ಇಂಗ್ಲಿಷ್ ಬೋಧಿಸುವ ನಮ್ಮ ಮಿತ್ರರಿಗೆ ಆಶ್ಚರ್ಯ ತರುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕೆರೆಯ ದಂಡೆಯ ಹಳದಿ ಹೂಗಳ ಮೇಲೆ ವರ್ಡ್ಸ್‌ವರ್ತ್ ಕವಿ ಬರೆದ ಪದ್ಯವನ್ನು ನಮ್ಮಲ್ಲಿ ಎಷ್ಟು ಜನ ಎಷ್ಟು ವರ್ಷ ಪಾಠ ಹೇಳಿಲ್ಲ! ಆ ಕವಿಯೂ ಅವನ ತಂಗಿ ಡಾರೊಥಿಯೂ 1795ರಿಂದ 1797ರ ವರೆಗೆ ಡಾರ್ಸೆಟ್ಟಿನ ರೇಸ್‌ಡೌನ್ ಎಂಬ ಮನೆಯಲ್ಲಿ ವಾಸವಾಗಿದ್ದರು. ಆ ಮನೆ ಪಿನ್ನಿಯದು. ಪಿನ್ನಿಯ ಮಕ್ಕಳಿಬ್ಬರು ಕವಿಯ ಗೆಳೆಯರು; ಬಾಡಿಗೆಯಿಲ್ಲದೆ ಮನೆಯನ್ನು ಬಿಟ್ಟುಕೊಟ್ಟಿದ್ದರು. ತಂದೆಗೆ ಮೊದಲು ಇದು ತಿಳಿದಿರಲಿಲ್ಲ, ತಿಳಿದಾಗ ಅಸಮಾಧಾನಗೊಂಡನು. ಬಾಡಿಗೆಯ ಬಾಬಿಗೆ ಜಮಾ ಬಾರದ ಮನೆಯನ್ನು ಅವನು ಸಹಿಸುವುದೆಂತು?

ಆ ಮನೆಯಲ್ಲಿದ್ದಾಗ ಕವಿ ಬರೆದ ನಾಟಕದ ಹೆಸರು ‘ದಿ ಬಾರ್ಡರರ್ಸ್’, ಎಂದರೆ ಗಡಿನಾಡಿನವರು. ಇಂಗ್ಲೆಂಡು ಮತ್ತು ಸ್ಕಾಟ್ಲೆಂಡುಗಳ ಗಡಿಯ ಜನರ ಕಥೆ ಅದು. ಗಡಿಯಲ್ಲಿ ಬಾಳುವ ನಾವು ಅದನ್ನು ಕುತೂಹಲದಿಂದ ಗಮನಿಸುವುದು ಸಹಜ. ದೀನರ ದುಃಖಕ್ಕೆ ಮಿಡಿದ ಕವಿಗೆ ಎರಡು ವರ್ಷ ನೆರಳು ಕೊಟ್ಟ ಮನೆಯೂ ಸಕ್ಕರೆಯ ಹಣದಿಂದ ಬೆಳೆದ ಒಂದು ಕುಟುಂಬದ ಆಸ್ತಿ. ಕವಿಯನ್ನು ದೂಷಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಅಂತಹ ಹಣದ ಎಳೆ ಎಷ್ಟು ದೂರದ ವರೆಗೆ ಹಬ್ಬಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಲೆಕ್ಕಕ್ಕೆ ಬಾರದುದು

ಲೆಕ್ಕದ ಪುಸ್ತಕ ಎಷ್ಟು ಪ್ರಾಮಾಣಿಕವಾಗಿದ್ದರೂ ಬರೆಯುವವನಿಗೆ ಬೇಕಾದುದನ್ನು ಮಾತ್ರ ಹೇಳುತ್ತದೆ. 1800ರಲ್ಲಿ ವೆಜ್‌ವುಡ್ ಎಂಬ ಪ್ರಸಿದ್ಧ ಕುಂಭೋದ್ಯಮಿಗಳ ಮನೆಯ ಟಾಮ್ ವೆಜ್‌ವುಡ್ ಆರೋಗ್ಯಕ್ಕಾಗಿ ವೆಸ್ಟ್ ಇಂಡೀಸಿಗೆ ಹೊರಟನು. ಆತನ ತಂದೆ ಜೋಸಾಯ ವೆಜ್‌ವುಡ್ ಗುಲಾಮಗಿರಿಯನ್ನು ವಿರೋಧಿಸಿ, ಸಂಕೋಲೆಯಲ್ಲಿ ಮೊಣಕಾಲೂರಿದ ಮನುಷ್ಯನ ಚಿತ್ರವುಳ್ಳ ಪದಕಗಳನ್ನು 1787ರಲ್ಲಿ ಮಾಡಿಸಿ ಹಂಚಿದವನು. ಈ ಅತಿಥಿ ತೋಟಕ್ಕೆ ಬಂದಾಗ ಅವನ ಎದುರಿಗಾಗಲಿ, ಚಾವಟಿಯ ಸದ್ದು ಅವನಿಗೆ ಕೇಳುವಷ್ಟು ಹತ್ತಿರದಲ್ಲಾಗಲಿ ಯಾರನ್ನೂ ಹೊಡೆಯಕೂಡದೆಂದು ಪಿನ್ನಿ ತನ್ನ ವ್ಯವಸ್ಥಾಪಕನಿಗೆ ಬರೆದ. ಖತಾವಣಿಯ ಯಾವ ಪುಟದಲ್ಲಿಯೂ ಚಾವಟಿಗೆ ಖಾತೆ ಇಲ್ಲ. ಅದು ಇತ್ತೆಂಬುದನ್ನೂ ಅದನ್ನು ಅಡಗಿಸಬೇಕೆಂಬ ಅರಿವು ಒಡೆಯನಿಗಿತ್ತೆಂಬುದನ್ನೂ ನಕಲು ಪುಸ್ತಕದ ಈ ಪತ್ರ ಹೊರಗೆಡಹುತ್ತದೆ. ಆದುದರಿಂದ ಆಕರಗಳನ್ನು ಒಂದರೊಡನೆ ಒಂದನ್ನು ಇಟ್ಟು ಓದಬೇಕು. ಕೀರ್ದಿಯೊಂದನ್ನೇ ನಂಬಿದವನು ಮೋಸಹೋಗುತ್ತಾನೆ.

1808ರಲ್ಲಿ ಪಿನ್ನಿ ಮೌಂಟ್ರಾವರ್ಸನ್ನು ಅಲ್ಲಿನ ಜನರೊಡನೆ ಎಡ್ವರ್ಡ್ ಹಗಿನ್ಸ್ ಎಂಬ ತೋಟಗಾರನಿಗೆ ಮಾರಿದ. ಪಿನ್ನಿಯ ಪುಸ್ತಕದಲ್ಲಿ ಅದು ಒಂದು ಖಾತೆಯ ಮುಕ್ತಾಯ. ಆ ಜನರಿಗೆ ಅದು ಮತ್ತೊಂದು ಸಂಕಟದ ಪ್ರಾರಂಭ. 1810ರ ಜನವರಿಯಲ್ಲಿ ಹಗಿನ್ಸ್ ಹಲವು ಗಂಡಸರನ್ನೂ ಹೆಂಗಸರನ್ನೂ ಚಾರ್ಲ್ಸ್‌ಟೌನ್ ಪೇಟೆಯ ನಡುವೆ ನಿಲ್ಲಿಸಿ ಚಾವಟಿಯಿಂದ ಹೊಡೆಸಿದ. ಈ ಸಲ ಏಟುಗಳ ಲೆಕ್ಕ ಬರಹಕ್ಕೆ ಬಂದಿತು. ಒಬ್ಬನಿಗೆ 365, ಒಬ್ಬ ಹೆಂಗಸಿಗೆ 291. ದ್ವೀಪದ ಜೂರಿ ಹಗಿನ್ಸನನ್ನು ನಿರ್ದೋಷಿಯೆಂದು ಬಿಟ್ಟಿತು. ಆದರೆ ಸುದ್ದಿ ಇಂಗ್ಲೆಂಡನ್ನು ಮುಟ್ಟಿ ಗುಲಾಮಗಿರಿಯ ವಿರೋಧಿಗಳ ಕೈಗೆ ಆಯುಧವಾಯಿತು. ಸುದ್ದಿಯನ್ನು ಮುಟ್ಟಿಸುವುದರಲ್ಲಿ ಮುಂದಾದವನು ಜೇಮ್ಸ್ ವೆಬ್ ಟೋಬಿನ್. ಪಿನ್ನಿಯ ಪಾಲುದಾರ ಟೋಬಿನ್ನನ ಮಗ! ತಂದೆ ಗುಲಾಮಗಿರಿಯನ್ನು ಸಮರ್ಥಿಸಿ 1785ರಲ್ಲಿ ಪುಸ್ತಿಕೆ ಬರೆದವನು. ಮಗ, ಕಣ್ಣು ಬಹುಮಟ್ಟಿಗೆ ಕಾಣದವನಾದರೂ, ತಂದೆಗೆ ಕಾಣದುದನ್ನು ಕಂಡವನು.

ಪೆರೋ ಮತ್ತು ಫ್ಯಾನಿ

1765ರಲ್ಲಿ ಪಿನ್ನಿ ಕೊಂಡವರಲ್ಲಿ ಸುಮಾರು ಹನ್ನೆರಡು ವರ್ಷದ ಪೆರೋ ಎಂಬ ಹುಡುಗನೂ ಅವನ ಚಿಕ್ಕ ತಂಗಿಯರಾದ ನ್ಯಾನ್ಸಿ, ಶೀಬಾ ಎಂಬವರೂ ಇದ್ದರು. ಪೆರೋ ಒಡೆಯನ ಆಪ್ತ ಸೇವಕನಾಗಿ ಬೆಳೆದ; ಕ್ಷೌರವನ್ನೂ ಹಲ್ಲು ಕೀಳುವುದನ್ನೂ ಕಲಿತ. 1783ರಲ್ಲಿ ಒಡೆಯನೊಡನೆ ಬ್ರಿಸ್ಟಲ್ಲಿಗೆ ಬಂದ. ತಂಗಿಯರು ದ್ವೀಪದಲ್ಲಿಯೇ ಉಳಿದರು. ಮುಂದೆ ಒಡೆಯನ ಜೊತೆಯಲ್ಲಿ ಎರಡು ಸಲ ಪ್ರವಾಸ ಹೋದಾಗ ಮಾತ್ರ ಅವನು ನೆವಿಸನ್ನು ಕಂಡ. ಮೂವತ್ತಕ್ಕೂ ಹೆಚ್ಚು ವರ್ಷ ಸೇವೆ ಮಾಡಿ 1798ರಲ್ಲಿ ಬ್ರಿಸ್ಟಲ್ಲಿನ ಸಮೀಪದಲ್ಲಿ ತೀರಿಕೊಂಡ. ಅವನಿಗೆ ಬಿಡುಗಡೆಯ ಪತ್ರ ಕೊನೆಯ ವರೆಗೂ ದೊರೆಯಲಿಲ್ಲ.

ಅದೇ ಮನೆಯಲ್ಲಿ ಫ್ಯಾನಿ ಕೋಕರ್ ಎಂಬಾಕೆಯೂ ಇದ್ದಳು. 1767ರಲ್ಲಿ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅವಳಿಗೆ 1778ರಲ್ಲಿಯೇ ಬಿಡುಗಡೆಯಾಯಿತು. ಹೊಲಿಗೆ ಬಲ್ಲವಳು, ಮಕ್ಕಳನ್ನು ನೋಡಿಕೊಳ್ಳುವವಳು. ಅವಳು 1820ರ ವರೆಗೆ ಬದುಕಿದಳು. ಒಂದೇ ಚಾವಣಿಯ ಕೆಳಗೆ ಒಬ್ಬಳು ಸ್ವತಂತ್ರೆ, ಒಬ್ಬ ಪರಾಧೀನ.

ಪೇರ್ಸ್ ಅವರ ಗ್ರಂಥದಲ್ಲಿ ಒಡೆಯರೇ ನಾಯಕರು. ಆದರೆ ತರುವಾಯ ಬಂದ ಸಂಶೋಧಕರು ಅದೇ ಪುಸ್ತಕಗಳನ್ನು ಕೆಳಗಿನಿಂದ ಓದಿದರು. ಕ್ರಿಸ್ಟೀನ್ ಐಕೆಲ್‌ಮನ್ ಮತ್ತು ಡೇವಿಡ್ ಸ್ಮಾಲ್ ಎಂಬವರು ಪಟ್ಟಿ, ರಸೀದಿ, ಪತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಬರುವ ಹೆಸರುಗಳನ್ನು ಹೆಕ್ಕಿ, 2004ರಲ್ಲಿ ಪೆರೋನ ಜೀವನಚರಿತ್ರೆಯನ್ನೇ ಬರೆದರು. ಐಕೆಲ್‌ಮನ್ ಅವರು ಮೌಂಟ್ರಾವರ್ಸಿನಲ್ಲಿ ದುಡಿದ ನೂರಾರು ಜನರ ವೃತ್ತಾಂತವನ್ನು ಒಬ್ಬೊಬ್ಬರದಾಗಿ ಜೋಡಿಸಿದ್ದಾರೆ. ಬ್ರಿಸ್ಟಲ್ ಬಂದರಿನ ಮೇಲೆ 1999ರಲ್ಲಿ ಕಟ್ಟಿದ ಕಾಲುಸೇತುವೆಗೆ ಇಟ್ಟಿರುವ ಹೆಸರು ಪಿನ್ನಿಯದಲ್ಲ, ಪೆರೋನದು. ಒಡೆಯನು ಆಸ್ತಿಯ ಭದ್ರತೆಗಾಗಿ ಬರೆದ ಹೆಸರುಗಳೇ ಆ ಜನರ ನೆನಪನ್ನು ಕಾಯ್ದವು.

ಕೊನೆಯ ಲೆಕ್ಕ

ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ಗುಲಾಮಗಿರಿಯನ್ನೇ ರದ್ದುಗೊಳಿಸಿದ 1833ರ ಕಾನೂನು 1834ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಆಗ ಪರಿಹಾರಕ್ಕೆಂದು ತೆಗೆದಿಟ್ಟ ಮೊತ್ತ 2 ಕೋಟಿ ಪೌಂಡು. ಪರಿಹಾರ ಯಾರಿಗೆ? ದುಡಿದವರಿಗಲ್ಲ, ಒಡೆಯರಿಗೆ ಮತ್ತು ಅಡವು ಹಿಡಿದ ವ್ಯಾಪಾರಿಗಳಿಗೆ. ಪಿನ್ನಿಯ ಮಗ ಚಾರ್ಲ್ಸ್ ಪಿನ್ನಿಯೂ ಪರಿಹಾರ ಪಡೆದವರಲ್ಲಿ ಒಬ್ಬ. ದುಡಿದವರು ಬಿಡುಗಡೆಯ ಮೇಲೂ 1838ರ ವರೆಗೆ ‘ಉಮೇದುವಾರಿ’ಯ ಹೆಸರಿನಲ್ಲಿ ಹಳೆಯ ಒಡೆಯರಲ್ಲಿಯೇ ಬಿಟ್ಟಿ ದುಡಿಯಬೇಕಾಯಿತು. ಪರಿಹಾರಕ್ಕಾಗಿ ಸರ್ಕಾರ ಎತ್ತಿದ ಸಾಲದ ಕಡೆಯ ಕಂತು ತೀರಿದ್ದು 2015ರಲ್ಲಿ.

ಇಲ್ಲಿಗೆ ನಮ್ಮ ದೇಶದ ಎಳೆಯೂ ಬಂದು ಸೇರುತ್ತದೆ. ಬಿಡುಗಡೆಯಾದವರ ಸ್ಥಾನದಲ್ಲಿ ಅಗ್ಗದ ಆಳುಗಳನ್ನು ಹುಡುಕಿದ ತೋಟಗಾರರು ಭಾರತದತ್ತ ತಿರುಗಿದರು. 1838ರಿಂದ ಬ್ರಿಟಿಷ್ ಗಯಾನಾಕ್ಕೆ ಕರಾರಿನ ಕೂಲಿಗಳು ಹೋಗತೊಡಗಿದರು. ನೆವಿಸಿಗೂ 1874ರಲ್ಲಿ ಕಲಕತ್ತೆಯಿಂದ ಸುಮಾರು ಮುನ್ನೂರು ಭಾರತೀಯರು ಹೋದರು. ಅವರ ಹೆಸರುಗಳೂ ಒಂದು ಪಟ್ಟಿಗೆ ಏರಿದವು.

ಉಪಸಂಹಾರ

ಈ ವೃತ್ತಾಂತದಿಂದ ಶಿಕ್ಷಕರಾದ ನಾವು ಗ್ರಹಿಸಬೇಕಾದುದೇನು? ಪಿನ್ನಿಯ ಕೂಡಿಕೆ ಕಳೆಯುವಿಕೆಗಳಲ್ಲಿ ತಪ್ಪಿರಲಿಲ್ಲ. ಅಂಕಗಣಿತದ ಪರೀಕ್ಷೆಯಲ್ಲಿ ನಾವು ಅವನಿಗೆ ಪೂರ್ಣ ಅಂಕ ಕೊಡಬೇಕಾಗುತ್ತಿತ್ತು. ತಪ್ಪಿದ್ದುದು ಬಾಬುಗಳನ್ನು ವಿಂಗಡಿಸಿದ ರೀತಿಯಲ್ಲಿ: ಕೊಡಬೇಕಾದವರ ಸಾಲಿನಲ್ಲಿ ಇರಬೇಕಾಗಿದ್ದವರನ್ನು ಆಸ್ತಿಯ ಸಾಲಿನಲ್ಲಿ ಬರೆದದ್ದು. ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ವ್ಯವಹಾರ ಸರಿಯಾಯಿತೆಂದು ಹೇಳಬಾರದು ಎಂಬುದನ್ನು ಗಣಿತದ ತರಗತಿಯಲ್ಲಿಯೂ ಇತಿಹಾಸದ ತರಗತಿಯಲ್ಲಿಯೂ ಹೇಳಬಹುದು.

ಎರಡನೆಯದು ನಮ್ಮ ಕರ್ತವ್ಯಕ್ಕೆ ಸಂಬಂಧಿಸಿದುದು. ಗಡಿನಾಡಿನಲ್ಲಿ ನಮ್ಮ ನೆಲೆಯ ಪ್ರಾಚೀನತೆಯನ್ನು ಸಾಧಿಸಲು ನಾವು ಶಾಸನಗಳನ್ನು ಹುಡುಕುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಇಲ್ಲಿ ಕನ್ನಡ ಮಾತನಾಡಿ, ಕೂಲಿ ಮಾಡಿ, ಸಾಲ ತಂದು, ಸಾಲ ತೀರಿಸಿ ಹೋದ ಸಾಮಾನ್ಯರ ಹೆಸರುಗಳು ಇರುವುದು ಅಡತಿ ಅಂಗಡಿಯ ವಹಿಗಳಲ್ಲಿ, ಮಠಗಳ ಕಡತಗಳಲ್ಲಿ, ಗೌಡ ಕುಲಕರ್ಣಿಯವರ ದಫ್ತರಗಳಲ್ಲಿ. ಮೋಡಿಯನ್ನು ಸರಾಗವಾಗಿ ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ದೀಪಾವಳಿಯ ದಿನ ಹೊಸ ವಹಿಗೆ ಕುಂಕುಮ ಹಚ್ಚಿ ಪೂಜಿಸುವ ಮನೆಗಳಲ್ಲಿಯೇ ಹಳೆಯ ವಹಿಗಳು ಗೆದ್ದಲಿಗೆ ಆಹಾರವಾಗುತ್ತಿವೆ.

ಆದುದರಿಂದ ಪ್ರತಿಯೊಂದು ಶಾಲೆಯವರೂ ತಮ್ಮ ಊರಿನ ಒಂದಾದರೂ ಹಳೆಯ ಮನೆತನದ ಲೆಕ್ಕಪುಸ್ತಕಗಳನ್ನು ನೋಡಿ, ಮನೆಯವರ ಅನುಮತಿ ಪಡೆದು, ಯಾವ ವರ್ಷದವು, ಯಾವ ಲಿಪಿಯವು, ಎಷ್ಟು ಪುಟದವು ಎಂಬ ಪಟ್ಟಿಯನ್ನಾದರೂ ಮಾಡಬೇಕೆಂದು ನಮ್ಮ ವಿಜ್ಞಾಪನೆ. ಇದಕ್ಕೆ ಹಣ ಬೇಕಾಗಿಲ್ಲ. ಒಂದೆರಡು ರಜಾದಿನಗಳು ಸಾಕು. ಓದುವಾಗ ಒಂದು ನಿಯಮವನ್ನು ಮಾತ್ರ ಮರೆಯಬಾರದು: ಪುಟದ ಮೇಲ್ಗಡೆ ದಪ್ಪಕ್ಷರದಲ್ಲಿರುವ ಧಣಿಯ ಹೆಸರನ್ನು ಬರೆದುಕೊಂಡ ಮೇಲೆ, ಕೆಳಗಿನ ಸಾಲುಗಳಲ್ಲಿ ಕೂಲಿಯ ಮುಂದೆ ಇರುವ ಹೆಸರುಗಳನ್ನೂ ಒಂದೂ ಬಿಡದೆ ಬರೆದುಕೊಳ್ಳಬೇಕು. ನಾವು ತಕ್ಕಡಿಯಿಂದ ಎತ್ತಿಕೊಂಡ ಆ ಎರಡು ವಹಿಗಳಲ್ಲಿ ಈ ಕೆಲಸವನ್ನು ಪ್ರಾರಂಭಿಸಿದ್ದೇವೆ. ಕಾಳು ಹಸನು ಮಾಡುತ್ತಿದ್ದ ಹೆಣ್ಣುಮಕ್ಕಳ ಹೆಸರುಗಳಿಂದಲೇ ಮೊದಲು ಮಾಡಿದ್ದೇವೆ.